ಕಾಲಜ್ಞಾನವೂ ಕ್ಯಾಪ್ಟನ್ ನೀಮೋವೂ

ಕಾವೇರಿಯ ಈ ಸೀಮೆಯಲ್ಲಿ, ಎಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ, ಮುಂದಾಗುವುದನ್ನು ಮೊದಲೇ ತಿಳಿಯಬೇಕೆಂಬ ಆಸೆ ಜನರಲ್ಲಿ ಬಹಳವಾಗಿರುವುದು. ಬುಡುಬುಡಿಕೆಯವನು ನಸುಕಿನಲ್ಲಿ ನುಡಿದು ಹೋದ ಮಾತು, ಪಂಚಾಂಗದ ಮಳೆಯ ಫಲ, ಕಾಲಜ್ಞಾನದ ಪದಗಳು, ಕಂಡ ಕನಸಿನ ಅರ್ಥ, ಇವುಗಳಲ್ಲಿ ಒಂದಾದರೂ ಚರ್ಚೆಗೆ ಬಾರದ ಮನೆ ಇಲ್ಲ. ಬೇಸಾಯಗಾರರಿಗೆ ಮಳೆ ಬರುವುದೋ ಬಾರದೋ ಎಂಬುದು ಹೊಟ್ಟೆಯ ಪ್ರಶ್ನೆಯಾದುದರಿಂದ ಈ ಆಸೆಯನ್ನು ನಾವು ಹಗುರವಾಗಿ ಕಾಣತಕ್ಕವರಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಈ ಸ್ಮರಣ ಸಂಚಿಕೆಯ ಮೂಲಕ ಅರಿಕೆಮಾಡುವುದೇನೆಂದರೆ, ಕೆಲವು ವರ್ಷಗಳಿಂದ ನಮ್ಮ ಬಾಲಕಿಯರು ಜೂಲ್ಸ್ ವರ್ನ್ ಎಂಬ ಫ್ರೆಂಚ್ ಗ್ರಂಥಕರ್ತನ ವಿಜ್ಞಾನ ಕಥಾಮಾಲೆಗೆ ಮನಸೋತಿರುವರು; ಅವರೊಡನೆ ನಾವೂ ಸೋತಿದ್ದೇವೆ; ಆ ಕಥೆಗಳ ಸಹವಾಸದಿಂದ ಭವಿಷ್ಯವಾಣಿಗಳನ್ನು ಓದುವ ನಮ್ಮ ರೀತಿಯೂ ಕೊಂಚ ಬೇರೆಯಾಗಿದೆ.

ಮೊದಲು ಎಲ್ಲರೂ ಬಲ್ಲ ಶಾಪವನ್ನೇ ತೆಗೆದುಕೊಳ್ಳೋಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ತೆಗೆದುಕೊಂಡರು. ಅವನ ಪತ್ನಿ ಅಲಮೇಲಮ್ಮನು ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರು ದೊರೆಗಳಿಗೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿ ಹೊಳೆಗೆ ಹಾರಿದಳೆಂಬುದು ಐತಿಹ್ಯ. ತಲಕಾಡಿನ ಮರಳು ಇಂದಿಗೂ ಕಣ್ಣಮುಂದಿದೆ. ಹೊಳೆಯ ತಿರುವಿನಲ್ಲಿ ಕೂಡಿದ ಮರಳನ್ನು ಬೇಸಿಗೆಯ ಗಾಳಿ ಹೊತ್ತು ತಂದಿತೆಂದು ತಿಳಿದವರು ವಿವರಿಸುವರು. ಆದರೆ ಸಂತಾನದ ಮಾತಿಗೆ ಅರ್ಥ ಹೇಳುವವರಿಗೆ ತೊಡಕು ಬಂತು. ಹತ್ತನೆಯ ಚಾಮರಾಜ ಒಡೆಯರಿಗೆ ನಾಲ್ವಡಿ ಕೃಷ್ಣರಾಜರು ಹುಟ್ಟಿದರು. ಜಯಚಾಮರಾಜ ಒಡೆಯರಿಗೆ 1953ರಲ್ಲಿ ಶ್ರೀಕಂಠದತ್ತರು ಹುಟ್ಟಿದರು. ಕೂಡಲೆ ಅರ್ಥವೂ ಬದಲಾಗಿ, ಶಾಪವು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ತಗಲುವುದೆಂದಾಯಿತು. 2017ರಲ್ಲಿ ಅರಮನೆಯಲ್ಲಿ ಗಂಡುಮಗು ಹುಟ್ಟಿದಾಗ, ದತ್ತು ಬಂದವರಿಗೆ ಮಗನಾಗುವುದು ಆ ಲೆಕ್ಕಕ್ಕೆ ಸರಿಯೆಂದು ಕೆಲವರೂ, ಶಾಪವೇ ಕಳೆಯಿತೆಂದು ಕೆಲವರೂ ಹೇಳಿದರು. ಮಗು ಹುಟ್ಟಿದರೂ ನಿಜ, ಹುಟ್ಟದಿದ್ದರೂ ನಿಜವಾಗುವ ಮಾತನ್ನು ಯಾರು ತಾನೆ ಸುಳ್ಳೆಂದು ತೋರಿಸಬಲ್ಲರು?

ಶ್ರೀರಂಗಪಟ್ಟಣದಲ್ಲಿಯೇ ಇದಕ್ಕಿಂತ ಕುತೂಹಲಕರವಾದ ಒಂದು ಪುಸ್ತಕವಿತ್ತು. ಟಿಪ್ಪು ಸುಲ್ತಾನನು 1785ರಿಂದ ಮೊದಲುಗೊಂಡು ತಾನು ಕಂಡ ಮೂವತ್ತೇಳು ಕನಸುಗಳನ್ನು ಪಾರ್ಸಿ ಭಾಷೆಯಲ್ಲಿ ಸ್ವಹಸ್ತದಿಂದ ಬರೆದು, ಕೆಲವಕ್ಕೆ ಅರ್ಥವನ್ನೂ ಬರೆದು, ಗುಟ್ಟಾಗಿ ಇಟ್ಟುಕೊಂಡಿದ್ದನು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅದು ಅರಮನೆಯಲ್ಲಿ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ ಕಾರ್ನಾಡರ ನಾಟಕವು ಇದರ ಹೆಸರನ್ನು ಮನೆಮಾತಾಗಿಸಿತು. ಒಂದು ಕನಸಿನಲ್ಲಿ ಮೂರು ಬೆಳ್ಳಿಯ ತಟ್ಟೆಗಳ ತುಂಬ ಹಸಿ ಖರ್ಜೂರದ ಹಣ್ಣು ಬರುವುದು. ಮೂವರು ವೈರಿಗಳ ರಾಜ್ಯಗಳು ತನ್ನ ಕೈಸೇರುವುವೆಂದು ಸುಲ್ತಾನನು ಅದಕ್ಕೆ ಅರ್ಥಮಾಡಿದನು. ಇಂಗ್ಲಿಷರು, ಮರಾಠರು, ನಿಜಾಮನು, ಈ ಮೂವರಲ್ಲಿ ಒಬ್ಬರ ರಾಜ್ಯವೂ ಅವನ ಕೈಸೇರಲಿಲ್ಲ.

ಆದರೆ ಜೋಯಿಸರು 1799ರ ಮೇ 4ನೆಯ ತಾರೀಖು ಕೆಟ್ಟ ದಿನವೆಂದು ಎಚ್ಚರಿಸಿದ್ದರಲ್ಲವೆ, ಅಂದು ಸುಲ್ತಾನನು ದಾನಗಳನ್ನು ಕೊಟ್ಟು ಶಾಂತಿ ಮಾಡಿಸಿದನಲ್ಲವೆ, ಆ ಮಧ್ಯಾಹ್ನವೇ ಕೋಟೆ ಬಿದ್ದು ಅವನು ಮಡಿದನಲ್ಲವೆ, ಎಂದು ಕೇಳುವವರುಂಟು. ದಿಟವೆ. ಆದರೆ ಅಂದಿಗಾಗಲೆ ಕೋಟೆಯ ಗೋಡೆ ಫಿರಂಗಿಯ ಏಟಿಗೆ ಬಾಯಿಬಿಟ್ಟಿತ್ತು. ಮುಂಗಾರು ಮಳೆಗೆ ಹೊಳೆ ತುಂಬಿದರೆ ದಾಟಲಾಗದೆಂದು ಶತ್ರುಸೈನ್ಯವು ಆತುರಪಡುತ್ತಲಿತ್ತು. ಬೇಸಿಗೆಯ ಕಾವೇರಿಯಲ್ಲಿ ಬಂಡೆಗಳು ಎದ್ದುನಿಂತಿದ್ದುದನ್ನು ನೋಡಿದ ಯಾವ ಅಂಬಿಗನಾದರೂ ದಿನವನ್ನು ಹೆಚ್ಚುಕಡಿಮೆ ಹೇಳಿಬಿಡುತ್ತಿದ್ದನು.

ಈ ವಿಷಯದಲ್ಲಿ ಸತ್ಯವೇದದ ದಾನಿಯೇಲನ ಗ್ರಂಥದಲ್ಲಿ ಬರುವ ಬಾಬೆಲಿನ ಅರಸನು ಬಹು ಜಾಣನೆಂದು ನಮಗೆ ಯಾವಾಗಲೂ ತೋರುವುದು. ಅವನು ಜೋಯಿಸರನ್ನು ಕರೆಸಿ, ಕನಸಿನ ಅರ್ಥವನ್ನು ಆಮೇಲೆ ಹೇಳಿರಿ, ನಾನು ಕಂಡ ಕನಸು ಯಾವುದೆಂಬುದನ್ನು ಮೊದಲು ಹೇಳಿರಿ ಎಂದನು. ಕನಸನ್ನು ತಿಳಿಸಿಬಿಟ್ಟರೆ ಅರ್ಥ ಕಟ್ಟುವುದು ಸುಲಭವೆಂಬುದು ಅವನಿಗೆ ಗೊತ್ತಿತ್ತು. ಪಾಠದಲ್ಲಿ ಈ ಭಾಗ ಬಂದಾಗ ನಮ್ಮ ಹುಡುಗಿಯರು ನಗುವರು.

ಇನ್ನು ವರ್ನನ ವಿಚಾರ. ಶನಿವಾರದ ಗ್ರಂಥಾಲಯದ ವೇಳೆಯಲ್ಲಿ ಇಂಗ್ಲಿಷ್ ಪ್ರತಿಯನ್ನು ಕೈಯಲ್ಲಿ ಹಿಡಿದು ಕನ್ನಡದಲ್ಲಿ ಕಥೆ ಹೇಳುವುದು ನಮ್ಮ ಪದ್ಧತಿ. ‘ಅಸಾಧಾರಣ ಯಾತ್ರೆಗಳು’ ಎಂಬ ಹೆಸರಿನ ಅವನ ಮಾಲೆಯಲ್ಲಿ ಐವತ್ತಕ್ಕೂ ಮೀರಿ ಕಾದಂಬರಿಗಳಿವೆ. ಕಡಲಡಿಯ ಇಪ್ಪತ್ತು ಸಾವಿರ ಲೀಗುಗಳ ಯಾತ್ರೆಯ ಕಥೆಯಿಂದ ನಾವು ಆರಂಭಿಸಿದೆವು. ನಾಟಿಲಸ್ ಎಂಬ ಜಲಾಂತರ್ನೌಕೆಯ ಒಡೆಯ ಕ್ಯಾಪ್ಟನ್ ನೀಮೋ ಯಾವ ದೇಶದವನೋ ತಿಳಿಯದು. ಸಿಂಹಳದ ಕಡಲಿನಲ್ಲಿ ಮುತ್ತು ತೆಗೆಯುವ ಬಡವನೊಬ್ಬನನ್ನು ತಿಮಿಂಗಿಲದಂಥ ಶಾರ್ಕ್ ಮೀನಿನ ಬಾಯಿಂದ ಬಿಡಿಸಿ, ಮುತ್ತಿನ ಚೀಲವನ್ನು ಅವನ ಕೈಗಿಡುತ್ತಾನೆ. ಇವನೇಕೆ ಹೀಗೆ ಮಾಡಿದನೆಂದು ಓದುಗರು ಬೆರಗಾಗಬೇಕು. ಗುಟ್ಟು ಹೊರಬೀಳುವುದು 1874-75ರಲ್ಲಿ ಬಂದ ‘ರಹಸ್ಯದ್ವೀಪ’ದ ಕೊನೆಯಲ್ಲಿ. ನೀಮೋ ಬುಂದೇಲಖಂಡದ ರಾಜಕುಮಾರ ಡಕ್ಕಾರ್. 1857ರ ದಂಗೆಯಲ್ಲಿ ಹೋರಾಡಿ ಹೆಂಡತಿಮಕ್ಕಳನ್ನು ಕಳೆದುಕೊಂಡವನು. ಮೇಲಾಗಿ, ಟಿಪ್ಪು ಸುಲ್ತಾನನ ಸೋದರಸಂಬಂಧದ ಮಗ!

ಈ ಮಾತನ್ನು ಹೇಳಿದ ದಿನ ತರಗತಿಯಲ್ಲಿ ಎದ್ದ ಗದ್ದಲ ಪಕ್ಕದ ಕೊಠಡಿಯ ಉಪಾಧ್ಯಾಯಿನಿಯನ್ನು ಓಡಿಬರುವಂತೆ ಮಾಡಿತು. ನೀಮೋ ತಮ್ಮ ಊರಿನವನೇ ಎಂದು ಶ್ರೀರಂಗಪಟ್ಟಣದ ಹುಡುಗಿಯರು ತೀರ್ಮಾನಿಸಿಬಿಟ್ಟರು. ಬುಂದೇಲಖಂಡದ ಹಿಂದೂ ಅರಸನ ಮಗ ಟಿಪ್ಪುವಿಗೆ ಹೇಗೆ ನೆಂಟನಾದನೆಂದು ನಾಗಮಂಗಲದ ಒಬ್ಬಳು ಕೇಳಿದಳು. ಉತ್ತರ ವರ್ನನಲ್ಲಿಯೂ ಇಲ್ಲ. ಅವನು ಭಾರತವನ್ನು ಕಂಡವನೇ ಅಲ್ಲ. ಆ ಕಾಲದ ಇಂಗ್ಲಿಷ್ ಅನುವಾದದಲ್ಲಿ ಬ್ರಿಟಿಷರಿಗೆ ಕಹಿಯಾದ ನೀಮೋವಿನ ಮಾತುಗಳನ್ನು ತಿದ್ದಿ ಮೆದುಮಾಡಿದ್ದರೆಂಬುದನ್ನೂ ತಿಳಿಸಿದೆವು. ಅಂದಿನಿಂದ ಪ್ರತಿಯೊಂದು ಪುಸ್ತಕದ ಅನುವಾದಕರು ಯಾರೆಂದು ವಿಚಾರಿಸುವ ಚಾಳಿ ಅವರಿಗೆ ಹತ್ತಿದೆ.

ಅಭಿಮಾನ ಹೆಚ್ಚಾದಂತೆ ಇನ್ನೊಂದು ಮಾತು ಹುಟ್ಟಿತು. ವರ್ನನು ಕಾಲಜ್ಞಾನಿಯಂತೆ, ಎಲ್ಲವನ್ನೂ ಮೊದಲೇ ಹೇಳಿದನಂತೆ. 1865ರಲ್ಲಿ ಬರೆದ ಚಂದ್ರಯಾತ್ರೆಯ ಕಥೆಯಲ್ಲಿ ಮೂವರು ಅಮೆರಿಕದ ಫ್ಲಾರಿಡಾದಿಂದ ಹೊರಡುತ್ತಾರೆ. ಅದರ ಮುಂದಿನ ಭಾಗದಲ್ಲಿ ಪೆಸಿಫಿಕ್ ಸಾಗರಕ್ಕೆ ಬಂದು ಬೀಳುತ್ತಾರೆ. 1969ರಲ್ಲಿ ಅಪೊಲೊ 11ರ ಮೂವರೂ ಹಾಗೆಯೇ ಹೋಗಿ ಹಾಗೆಯೇ ಬಂದರು. ಮರಳುವ ದಾರಿಯಲ್ಲಿ ಆರ್ಮ್‌ಸ್ಟ್ರಾಂಗನು ವರ್ನನ ಪುಸ್ತಕವನ್ನು ನೆನೆದನು. ಹುಡುಗಿಯರ ಕಣ್ಣು ಅರಳಿದವು. ಆಗ ನಾವು ಬಾಬೆಲಿನ ಅರಸನ ಹಾಗೆ ಕೊಂಚ ನಿಷ್ಠುರರಾಗಬೇಕಾಯಿತು. ಫ್ಲಾರಿಡಾವನ್ನು ಅವನು ಕಣ್ಣುಮುಚ್ಚಿ ಆರಿಸಲಿಲ್ಲ. ಚಂದ್ರನು ನೆತ್ತಿಯ ಮೇಲೆ ಬರಬೇಕಾದರೆ ಸಮಭಾಜಕಕ್ಕೆ 28 ಡಿಗ್ರಿಯೊಳಗಿನ ಸ್ಥಳ ಬೇಕೆಂದು ಲೆಕ್ಕಹಾಕಿ, ಆ ಲೆಕ್ಕವನ್ನು ಪುಸ್ತಕದಲ್ಲಿಯೇ ಬರೆದನು. ಭೂಮಿಯ ಸೆಳೆತವನ್ನು ಮೀರಲು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗ ಬೇಕೆಂಬುದೂ ಲೆಕ್ಕವೇ. ಆದರೆ ಅವನ ಯಾತ್ರಿಕರು ಹೋದದ್ದು 900 ಅಡಿ ಉದ್ದದ ಫಿರಂಗಿಯ ಗುಂಡಿನೊಳಗೆ. ನಿಜವಾಗಿ ಹಾಗೆ ಹಾರಿಸಿದ್ದರೆ ಮೂವರೂ ಆ ಕ್ಷಣದಲ್ಲಿಯೇ ಜಜ್ಜಿಹೋಗುತ್ತಿದ್ದರು. ಜಲಾಂತರ್ನೌಕೆಯೂ ಅವನ ಕಾಣ್ಕೆಯಲ್ಲ. ರಾಬರ್ಟ್ ಫುಲ್ಟನ್ ಎಂಬವನು ನಾಟಿಲಸ್ ಎಂಬ ಹೆಸರಿನಲ್ಲಿಯೇ ಒಂದನ್ನು 1800ರಲ್ಲಿ ನೀರಿಗಿಳಿಸಿದ್ದನು. ಹೀಗೆ ತಪ್ಪಿದ್ದನ್ನೂ ಒಪ್ಪಿದ್ದನ್ನೂ ಎರಡು ಸಾಲಾಗಿ ಕಪ್ಪುಹಲಗೆಯ ಮೇಲೆ ಬರೆಸಿದೆವು. ಅಭಿಮಾನ ತಗ್ಗಲಿಲ್ಲ, ಹೆಚ್ಚಿತು. ಲೆಕ್ಕವನ್ನು ತೋರಿಸುವವನೊಡನೆ ಜಗಳವಾಡಬಹುದು. ಜಗಳವಾಡಬಹುದಾದ ಗ್ರಂಥಕರ್ತನು ಮಕ್ಕಳಿಗೆ ಬೇಗ ಸ್ನೇಹಿತನಾಗುವನು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಎಲ್ಲರೂ ಕೂಡಿ ನೋಡುತ್ತಿದ್ದಾಗ, ವೇಗ ಎಷ್ಟಾಯಿತು, ಎತ್ತರ ಎಷ್ಟಾಯಿತು ಎಂದು ಅಂಕೆಗಳನ್ನು ಕೂಗಿ ಹೇಳುತ್ತಿದ್ದವರು ಈ ಹುಡುಗಿಯರೇ.

ಇಷ್ಟೇ ಆಗಿದ್ದರೆ ಇದು ವಿನೋದದ ಮಾತಾಗಿ ಮುಗಿಯುತ್ತಿತ್ತು. ಪಾಂಡವಪುರದ ಕಡೆಯ, ನಾಲೆಯ ಏರಿಯ ಮೇಲಿನ ಹಳ್ಳಿಯಿಂದ ಬರುವ ಒಬ್ಬ ಬಾಲಕಿ ಒಂಬತ್ತನೆಯ ತರಗತಿಯಲ್ಲಿದ್ದಳು. ನಾಟಿಲಸಿನ ಚಿತ್ರವನ್ನು ರೇಖಾಗಣಿತದ ಪುಸ್ತಕದ ತುಂಬ ಬರೆದಿದ್ದವಳು ಅವಳೇ. ಕನ್ನಂಬಾಡಿಯ ಪ್ರವಾಸಕ್ಕೆ ಕೊಟ್ಟ ಒಪ್ಪಿಗೆಯ ಕಾಗದ ಸಹಿಯಿಲ್ಲದೆ ಹಿಂದಿರುಗಿತು. ಅವಳಿಗೆ ಹದಿನಾರರವರೆಗೆ ಜಲಗಂಡವಿದೆಯೆಂದು ಜಾತಕದಲ್ಲಿ ಬರೆದಿದೆಯಂತೆ. ಶಾಲೆಯ ದಾರಿಯೂ ನಾಲೆಯ ಪಕ್ಕದಲ್ಲಿಯೇ ಇರುವುದರಿಂದ ಓದು ಬಿಡಿಸಿ ನೆಂಟರ ಊರಿಗೆ ಕಳುಹಿಸುವ ಮಾತೂ ನಡೆದಿತ್ತು.

ತಂದೆಯನ್ನು ಕರೆಸಿದೆವು. ಆತನ ಭಯ ಬರಿಯ ಜಾತಕದ್ದೆಂದು ಹೇಳಲಾಗದು. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಮಂದಿ ಸತ್ತರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಅದನ್ನು ಮರೆತ ತಾಯಿತಂದೆಗಳು ಈ ತಾಲ್ಲೂಕಿನಲ್ಲಿ ಇಲ್ಲ. ಜಾತಕವನ್ನು ಕುರಿತು ನಾವು ವಾದಿಸಲಿಲ್ಲ. “ನಿಮ್ಮ ಊರಿನಲ್ಲಿ ಇನ್ನಾರಿಗೆ ಜಲಗಂಡ ಬರೆದಿದೆಯಪ್ಪ?” ಎಂದು ಮಾತ್ರ ಕೇಳಿದೆವು. ಆತನು ಬೆರಳು ಮಡಿಚುತ್ತ ಹೋದನು. ಒಂದು ಕೈ ಸಾಲದಾಯಿತು. ಹೊಳೆಗೂ ನಾಲೆಗೂ ನಡುವೆ ಹುಟ್ಟಿದವರಿಗೆಲ್ಲ ಬರೆಯಬಹುದಾದ ಮಾತದು. “ನಾಲೆಯ ಅಂಚಿನಲ್ಲಿ ತಡೆಗೋಡೆಯಿಲ್ಲದ ಜಾಗಗಳು ಎಷ್ಟು?” ಎಂದಾಗ ಯೋಚಿಸದೆಯೆ, “ಮೂರವೆ ಅಮ್ಮಾವ್ರೇ, ಆ ಹುಣಸೇಮರದ ತಿರುವೇ ಕೆಟ್ಟದ್ದು,” ಎಂದನು. ಇದಕ್ಕಿಂತ ಸ್ಪಷ್ಟವಾದ ಕಾಲಜ್ಞಾನವನ್ನು ನಾವು ಕೇಳಿಲ್ಲ. ಆತನೂ ಮತ್ತೆ ಹನ್ನೊಂದು ಮಂದಿ ಪೋಷಕರೂ ರುಜುಮಾಡಿದ ಅರ್ಜಿಯನ್ನು ಸಂಬಂಧಪಟ್ಟ ಕಚೇರಿಗೆ ಕೊಟ್ಟೆವು. ಹುಣಸೇಮರದ ತಿರುವಿನಲ್ಲಿ ಕಲ್ಲು ನೆಟ್ಟಿದ್ದಾರೆ. ಉಳಿದೆರಡು ಸ್ಥಳಗಳು ಹಾಗೆಯೇ ಇವೆ. ಅರ್ಜಿಯನ್ನು ಮತ್ತೆ ಬರೆದಿದ್ದೇವೆ.

ಬಾಲಕಿ ಪ್ರವಾಸಕ್ಕೆ ಬಂದಳು. ತೋಳಿಗೆ ಹೊಸ ತಾಯಿತವಿತ್ತು, ಕಾವಲಿಗೆ ಅಜ್ಜಿಯೂ ಇದ್ದರು. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯದ ಬಳಿ ನಿಂತು ಹಿನ್ನೀರನ್ನು ನೋಡುತ್ತ ಅಜ್ಜಿ, “ಈ ನೀರೊಳಗೆ ಊರಿತ್ತಂತಲ್ಲವ್ವ?” ಎಂದರು. ಇದ್ದುದು ನಿಜ. 1911ರಲ್ಲಿ ಕಟ್ಟಲು ಮೊದಲುಮಾಡಿದ ಅಣೆಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು; ದೇವಾಲಯವು ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಕಾಣುತ್ತಿತ್ತು; ಅದನ್ನು ಬಿಚ್ಚಿ ತಂದು ಈಗಿನ ಸ್ಥಳದಲ್ಲಿ ಕಟ್ಟಿದರು. ಮೊಮ್ಮಗಳು ಅಜ್ಜಿಯ ಕೈಹಿಡಿದುಕೊಂಡು, ನೀಮೋ ಕಡಲಡಿಯಲ್ಲಿ ಮುಳುಗಿದ ಅಟ್ಲಾಂಟಿಸ್ ಪಟ್ಟಣವನ್ನು ತೋರಿಸಿದ ಕಥೆಯನ್ನು ಮೊದಲಿನಿಂದ ಹೇಳಿದಳು. ಅಲ್ಲಿಯೂ ದೇವಸ್ಥಾನವಿತ್ತೇ ಎಂದು ಅಜ್ಜಿ ವಿಚಾರಿಸಿದರು.

ಅಣೆಕಟ್ಟೆ ಕಟ್ಟುವಾಗ ದೊರೆತ, ಇಲ್ಲಿ ಕಟ್ಟೆಯೊಂದನ್ನು ಕಟ್ಟಲು ಟಿಪ್ಪು ಸುಲ್ತಾನನು 1794ರಲ್ಲಿ ತಳಹದಿ ಹಾಕಿಸಿದ್ದನ್ನು ತಿಳಿಸುವ ಪಾರ್ಸಿ ಶಾಸನದ ವಿಷಯವನ್ನೂ ಅಂದು ಹೇಳಿದೆವು. ಹಾಗಾದರೆ ಕೆ.ಆರ್.ಎಸ್. ಆಗುವುದೆಂದು ಅವನು ಭವಿಷ್ಯ ನುಡಿದಿದ್ದನೇ ಎಂದು ಚಿಕ್ಕವಳೊಬ್ಬಳು ಕೇಳಿದಳು. ಜಲಗಂಡದ ಹುಡುಗಿ ನಮಗಿಂತ ಮೊದಲೇ, “ನುಡೀಲಿಲ್ಲ ಕಣೇ, ಕಟ್ಟೋಕೆ ಹೊರಟಿದ್ದ,” ಎಂದುಬಿಟ್ಟಳು. ಅವಳೀಗ ಹತ್ತನೆಯ ತರಗತಿಯಲ್ಲಿದ್ದಾಳೆ, ಹದಿನಾರಕ್ಕೆ ಇನ್ನು ನಾಲ್ಕು ತಿಂಗಳಿವೆ.

ನಮ್ಮ ಗ್ರಂಥಾಲಯದ ‘ರಹಸ್ಯದ್ವೀಪ’ದ ಪ್ರತಿಯಲ್ಲಿ ಕೊನೆಯ ಹಾಳೆಗಳು ಸಡಿಲವಾಗಿ, ನೀಮೋ ತನ್ನ ಕಥೆ ಹೇಳುವ ಭಾಗವೇ ಕಳೆದುಹೋಗಿದೆ. ಉಗಿಯಿಂದ ನಡೆಯುವ ಉಕ್ಕಿನ ಆನೆಯನ್ನೇರಿ ಉತ್ತರ ಭಾರತವನ್ನು ಸುತ್ತುವ, 1880ರಲ್ಲಿ ಬಂದ ಕಾದಂಬರಿ ನಮ್ಮಲ್ಲಿ ಇಲ್ಲವೇ ಇಲ್ಲ. ಅದನ್ನು ಹುಡುಗಿಯರು ದಿನವೂ ಕೇಳುತ್ತಲಿದ್ದಾರೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಿಯಾದರೂ ಈ ಪುಸ್ತಕಗಳಿದ್ದರೆ, ಕನ್ನಡದವಾಗಲಿ ಇಂಗ್ಲಿಷಿನವಾಗಲಿ, ಶಾಲೆಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ. ಅನುವಾದಕರ ಹೆಸರಿರುವ ಪುಟ ಹರಿಯದಿದ್ದರೆ ಇನ್ನೂ ಸಂತೋಷ.