ಹೇಳದೆ ಬಂದವರು

ಜನವರಿ ಮಧ್ಯಾಹ್ನ. ನವಲಗುಂದ ಸೀಮೆಯ ಎರಿಹೊಲ ಬಿರುಕು ಬಿಟ್ಟಿದೆ. ಕಣ್ಣು ಹಾಯುವಷ್ಟು ದೂರ ಕಡಲೆ, ನಡುನಡುವೆ ಬಿಳಿಜೋಳ. ಕಟ್ಟೆಯ ಮೇಲೆ ಕಾಲು ಚಾಚಿದ್ದೇನೆ, ಜೊಂಪು ಹತ್ತುತ್ತಿದೆ. ಓಣಿಯ ನಾಯಿ ಬೊಗಳುತ್ತದೆ. ಬೊಗಳುವ ಧಾಟಿಯಲ್ಲೇ ಗೊತ್ತು, ಬಂದವರು ಊರವರಲ್ಲ.

“ಏನಲೇ, ಹಾಡಾಹಗಲ ಮಲಗೇ ಬಿಟ್ಟಿ?”

ಧಾರವಾಡದ ಹಾಸ್ಟೆಲ್ ಬಿಟ್ಟ ಮೇಲೆ ಕಿವಿಗೆ ಬೀಳದ ದನಿ! ಕಲಘಟಗಿಯ ದೋಸ್ತ, ಬೆನ್ನಿಗೆ ಕುಂದಗೋಳದವನು. ಪಂಪ್‌ಸೆಟ್ಟಿನ ಸಾಮಾನು ಒಯ್ಯಲು ಹುಬ್ಬಳ್ಳಿಗೆ ಬಂದಿದ್ದರಂತೆ, ವಿಜಯಪುರದ ಬಸ್ಸು ಕಂಡಿತಂತೆ, ಹತ್ತಿದರಂತೆ. ಅಷ್ಟೇ ಕಾರಣ. ಕೈಯಲ್ಲಿ ಪೇಪರಿನ ಪೊಟ್ಟಣ, ಒಳಗೆ ಆರಿ ತಣ್ಣಗಾದ ಮಿರ್ಚಿ.

“ಒಂದ್ ಫೋನ್ ಮಾಡಬಾರದೇನ್ರಲೇ?”

“ಮಾಡಿದ್ರ ಮುಂದಿನ ವಾರ ಬರ್ರಿ ಅಂತಿದ್ದಿ.”

ಸುಳ್ಳಲ್ಲ.

ಒಳಗೆ ಅವ್ವ ಆಗಲೇ ತಲೆ ಎಣಿಸಿದ್ದಾಳೆ. ಕಾಲಿಗೆ ನೀರಿನ ತಂಬಿಗೆ ಹೊರಗೆ ಬರುತ್ತದೆ, ಹಿಂದೆಯೇ ರೊಟ್ಟಿ ಬಡಿಯುವ ಸಪ್ಪಳ. ಮನೆಯಲ್ಲಿ ಒಂದು ಬದನೆಕಾಯಿಯೂ ಇಲ್ಲವೆಂದು ಅವಳ ಗೊಣಗಾಟ. ಇಲ್ಲದ್ದೇ ಪಾಡಾಯಿತು. ಹೇಳಿ ಬಂದಿದ್ದರೆ ಚಪಾತಿ, ಪೇಟೆಯ ಸಿಹಿ ಎಂದು ಉಪಚಾರವಾಗುತ್ತಿತ್ತು. ಈಗ ನಾವು ದಿನಾ ಉಣ್ಣುವುದೇ ಅವರಿಗೂ: ಬಿಸಿರೊಟ್ಟಿ, ಝುಣಕ, ಗುರೆಳ್ಳು ಚಟ್ನಿ, ಗುದ್ದಿದ ಉಳ್ಳಾಗಡ್ಡಿ, ಕೆನೆಮೊಸರು.

ಹಾಸುವ ವಿಷಯದಲ್ಲಿ ಮಾತ್ರ ಅವ್ವ ಜಗ್ಗುವವಳಲ್ಲ. ಟ್ರಂಕಿನ ಮುಚ್ಚಳ ಕಿರ್ ಅನ್ನುತ್ತದೆ. ನುಸಿಗುಳಿಗೆಯ ವಾಸನೆ ಹೊತ್ತ ಜಮಖಾನ ಹೊರಗೆ ಬರುತ್ತದೆ. ನವಲಗುಂದದ ಕೆಲವೇ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು ನಿಲುವುಮಗ್ಗದ ಮುಂದೆ ಕೂತು ಕೈಯಲ್ಲೇ ನೇಯುವಂಥದು. ಕೆಂಪು, ಹಳದಿ, ಹಸಿರು, ನಟ್ಟನಡುವೆ ಪಗಡೆಯ ಮನೆ. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ನೇಯುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಇಂಥ ಹಾಸಿನ ಮೇಲೆ ಕಲಘಟಗಿಯವನು ಮೊದಲ ತುತ್ತಿಗೇ ಝುಣಕ ಚೆಲ್ಲುತ್ತಾನೆ. ಅವ್ವ ನೋಡಿಯೂ ನೋಡದವಳಂತೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.

ಬಿಸಿಲು ಇಳಿದ ಮೇಲೆ ಹೊಲ. ಮಲೆನಾಡ ಸೆರಗಿನಲ್ಲಿ ಭತ್ತ ಬೆಳೆಯುವವನಿಗೆ ಕಡಲೆಗಿಡದ ಹುಳಿ ಹೊಸದು. ಎಲೆ ಸವರಿ ಬೆರಳು ನೆಕ್ಕಿ, ಒಂದು ಕಣ್ಣು ಮುಚ್ಚುತ್ತಾನೆ. ಹತ್ತಿಕಟ್ಟಿಗೆಗೆ ಬೆಂಕಿ ಇಡುತ್ತೇವೆ, ಮೇಲೆ ಕಿತ್ತ ಗಿಡದ ಹೊರೆ. ಕಾಯಿ ಚಟಪಟ ಸಿಡಿಯುತ್ತವೆ. ಸುಟ್ಟ ಸಿಪ್ಪೆಯೊಳಗೆ ಕಾಳು ಇನ್ನೂ ಹಸಿರು, ನಾಲಿಗೆ ಸುಡುವಷ್ಟು ಬಿಸಿ. ಮೂವರ ತುಟಿ, ಮೂಗು, ಬೆರಳು ಎಲ್ಲ ಮಸಿ. ಸುಲಗಾಯಿ ತಿನ್ನುತ್ತ ದೊಡ್ಡ ಮಾತು ಯಾರೂ ಆಡುವುದಿಲ್ಲ. ಹಾಸ್ಟೆಲ್ಲಿನ ತಿಳಿಸಾರು, ಫೇಲಾದ ಗಣಿತ, ಯಾರಿಗೋ ಮದುವೆಯಾಗಿ ಹೋದ ಒಬ್ಬ ಹುಡುಗಿ. ಕುಂದಗೋಳದವನು ಹಾಡು ಎತ್ತುತ್ತಾನೆ. ಸವಾಯಿ ಗಂಧರ್ವರ ಊರಿನವನೆಂಬುದೊಂದೇ ಧೈರ್ಯ, ಶ್ರುತಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಎರಡನೇ ಸಾಲಿಗೆ ತಟ್ಟನೆ ನಿಲ್ಲಿಸಿ ಕೇಳುತ್ತಾನೆ: “ಅಲ್ಲಲೇ, ಪಂಪ್‌ಸೆಟ್ಟಿನ ಸಾಮಾನು ಎಲ್ಲಿ?”

ಅದು ಬಸ್ಸಿನಲ್ಲೇ ವಿಜಯಪುರಕ್ಕೆ ಹೋಗಿದೆ. ಹುಬ್ಬಳ್ಳಿಯ ಕಡೆಯ ಬಸ್ಸೂ ತಪ್ಪಿದೆ.

ಜಮಖಾನ ಇವತ್ತು ಟ್ರಂಕಿಗೆ ಹೋಗುವುದಿಲ್ಲ.