ನಾಲಗೆಯ ಪಾಠ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಅನೇಕ ದೇವಾಂಗ ನೇಕಾರರ ಮನೆಮಾತು ಕನ್ನಡ. ಅಂಥ ಮನೆಯೊಂದರ ಬಾಲಕನು ನಾಗಸ್ವರ ಕಲಿಯತೊಡಗಿದ್ದನು. ಶಾಲೆ ಬಿಟ್ಟ ಮೇಲೆ ನಮ್ಮೆದುರಿಗೆ ಜಂಟಿ ವರಸೆ ನುಡಿಸುವನು. ‘ಸಸ ರಿರಿ ಗಗ’ ಎಂಬಲ್ಲಿ ಜೋಡಿ ಸ್ವರಗಳು ಬೇರೆಯಾಗದೆ, ಒಂದೊಂದು ಜೋಡಿಯೂ ಒಂದೇ ನೀಳ ಸ್ವರವಾಗಿ ಕರಗಿಹೋಗುತ್ತಿತ್ತು. ಉಸಿರು ಸಾಲದೆಂದು ಬಗೆದು, ‘ಇನ್ನೂ ಬಲವಾಗಿ ಊದಪ್ಪ’ ಎಂದು ನಾವು ಒತ್ತಾಯಿಸಿದೆವು. ಕೆನ್ನೆ ನೊಂದ ಹುಡುಗನು ವಾದ್ಯವನ್ನೇ ಬಿಡುವೆನೆಂದನು.

ಅವನ ಗುರುಗಳು ಇದನ್ನು ಕೇಳಿ ನಕ್ಕರು. ವಾದ್ಯವನ್ನು ತೆಗೆದಿಟ್ಟು, ‘ತು, ತ್ತು’ ಎಂದು ಬಾಯಲ್ಲಿ ಹೇಳಿಸಿದರು. ಇದೇ ತುತ್ತುಕಾರ. ವಾದ್ಯದ ಬಾಯಲ್ಲಿರುವ ಸೀವಾಳಿಯನ್ನು ನಾಲಗೆಯ ತುದಿ ಮುಟ್ಟಿ ಬಿಟ್ಟಾಗ ಒಂದೇ ಉಸಿರು ಎರಡು ಸ್ವರವಾಗುವುದು. ತವಿಲು ಕಲಿಯುವವನಿಗೂ ಅಷ್ಟೆ: ‘ತಕಿಟ’, ‘ತಕಧಿಮಿ’ ಮೊದಲು ಬಾಯಿಗೆ, ಆಮೇಲೆ ಕೈಗೆ. ಪಾಶ್ಚಾತ್ಯರ ಟ್ರಂಪೆಟ್ ಕಲಿಸುವವರೂ ‘ತು’, ‘ದು’ ಎಂದು ಹೇಳಿಸುವುದುಂಟು. ಆದರೆ ಎಲ್ಲ ಸ್ವರಕ್ಕೂ ನಾಲಗೆ ತಾಗಬಾರದು. ಆಲಾಪನೆಯಲ್ಲಿ ಜಾರುವ ಗಮಕಕ್ಕೆ ಮುರಿಯದ ಉಸಿರೇ ಬೇಕು. ಎಲ್ಲಿ ಮುಟ್ಟಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಿವಿಯೇ ಕಲಿಸಬೇಕು.

ತಕಾರವು ದಂತ್ಯವೆಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದ ನಮಗೇ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿದೆವು. ಮೂರು ವಾರಗಳಲ್ಲಿ ಹುಡುಗನ ‘ಸಸ’ ಎರಡಾಯಿತು. ಅಂದಿನಿಂದ, ತರಗತಿಯಲ್ಲಿ ಮಗುವೊಂದು ಪದಗಳನ್ನು ಕಲಸಿ ಓದಿದರೆ ‘ಗಟ್ಟಿಯಾಗಿ ಓದು’ ಎಂದು ಗದರುವುದನ್ನು ಬಿಟ್ಟೆವು. ಪುಸ್ತಕ ಮುಚ್ಚಿಸಿ, ಆ ಪದವನ್ನು ಮೊದಲು ಅಕ್ಷರ ಅಕ್ಷರವಾಗಿ ನಾಲಗೆಯಿಂದ ಹೇಳಿಸುತ್ತೇವೆ.