ಲ್ಯಾಮಿಂಗ್ಟನ್ ರೋಡಿನಿಂದ ಎರಡು ಪೆಟ್ಟಿಗೆ

ನಿಮ್ಮಲ್ಲಿ ಎಷ್ಟು ಮಂದಿ ಲ್ಯಾಮಿಂಗ್ಟನ್ ರೋಡ್ ನೋಡಿದ್ದೀರಿ? ಫೋನಿನಲ್ಲಿ ಬೆರಳು ಒತ್ತಿದರೆ ಸಾಮಾನು ಮನೆಬಾಗಿಲಿಗೆ ಬರುವ ಕಾಲ ಇದು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಬಿಸಿಲಿನಲ್ಲಿ ನಡೆಯುವ ಕಷ್ಟ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನನ್ನ ಮಗಳೂ ಹಾಗೆಯೇ ಕೇಳಿದಳು. ಆದರೆ ಕಿವಿಯಿಂದ ಕೊಳ್ಳಬೇಕಾದ ವಸ್ತುವನ್ನು ಕಣ್ಣಿನಿಂದ ಕೊಳ್ಳಬಾರದು ಎಂದು ನಾನು ಹಟ ಹಿಡಿದೆ. ೨೦೨೪ರ ಫೆಬ್ರವರಿಯ ಒಂದು ಶನಿವಾರ ನಾವಿಬ್ಬರೂ ಹೊರಟೆವು.

ಹಟಕ್ಕೆ ಬೇರೆಯೇ ಕಾರಣವಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮಗಳಿಗೆ ಡಿಜೆ ಆಗುವ ಹುಚ್ಚು. ಹಗಲು ಆಫೀಸು, ಸಂಜೆ ಮನೆಗೆ ಬಂದರೆ ಲ್ಯಾಪ್‌ಟಾಪ್, ಅದರ ಮುಂದೆ ಎರಡು ತಿರುಗುವ ತಟ್ಟೆಗಳ ಕಂಟ್ರೋಲರ್. ಯಾರೋ ಹಾಡಿದ್ದನ್ನು ಹಾಕುವುದರಲ್ಲಿ ಕಲಿಯುವುದೇನಿದೆ ಎಂದು ನಾನೂ ಮೊದಲು ಮೂಗು ಮುರಿದವಳೇ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಒಂದು ಹಾಡು ಓಡುತ್ತಿರುವಾಗಲೇ ಇನ್ನೊಂದನ್ನು ಹೆಡ್‌ಫೋನಿನಲ್ಲಿ ಒಂದೇ ಕಿವಿಗೆ ಕೇಳಿಕೊಂಡು, ಎರಡರ ತಾಳವನ್ನೂ ಒಂದೇ ನಡೆಗೆ ತಂದು, ಎಲ್ಲಿ ಸೇರಿತು ಎಂದು ಗೊತ್ತಾಗದ ಹಾಗೆ ಸೇರಿಸಬೇಕು. ನಮ್ಮೂರಿನ ಮೇಳದಲ್ಲಿ ಚೆಂಡೆ ಮದ್ದಳೆಯವರು ಭಾಗವತರ ಹಿಂದೆಯೇ ಹೋಗುವಾಗ ಎಷ್ಟು ಎಚ್ಚರ ಬೇಕೋ ಅಷ್ಟೇ ಎಚ್ಚರ ಇದಕ್ಕೂ ಬೇಕು.

ಆದರೆ ಹೆಡ್‌ಫೋನಿನಲ್ಲಿ ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ಕೋಣೆಯಲ್ಲಿ ಕೇಳಬೇಕು. ಅದಕ್ಕೆಂದು ೨೦೨೩ರ ಡಿಸೆಂಬರ್ ೩೧ರಂದು ಮಗಳು ಸ್ನೇಹಿತನೊಬ್ಬನ ಸ್ಪೀಕರ್ ತಂದಳು. ಚಕ್ರ ಇರುವ, ಬಣ್ಣದ ದೀಪ ಮಿನುಗುವ, ಹದಿನೈದು ಇಂಚಿನ ದೊಡ್ಡ ಪೆಟ್ಟಿಗೆ. ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದ ನಮ್ಮ ಅತ್ತೆ ಎದ್ದು ಕೂತು, ಅಂಗೈಯನ್ನು ಗೋಡೆಗೆ ಹಚ್ಚಿ, "ಎಲ್ಲಿ ಕೋಲ?" ಎಂದು ಕೇಳಿದರು. ನಾವೆಲ್ಲ ನಕ್ಕೆವು.

ಒಂಬತ್ತೂವರೆಗೆ ಕೆಳಮನೆಯ ಮರಾಠಿ ಆಜಿ ಮೇಲೆ ಬಂದರು. ಬೈಯಲಿಲ್ಲ. ಬಾಗಿಲಲ್ಲೇ ನಿಂತು, "ಇವರು ಆಸ್ಪತ್ರೆಯಿಂದ ಬಂದು ನಾಲ್ಕು ದಿನ ಆಯಿತಷ್ಟೆ" ಎಂದರು. ಆಜೋಬಾರಿಗೆ ಬೈಪಾಸ್ ಆಗಿತ್ತು. ಅದು ನಮಗೆ ಗೊತ್ತೂ ಇತ್ತು! ನಾವು ತಕ್ಷಣ ನಿಲ್ಲಿಸಿದೆವು. ಆದರೆ ಹದಿನೈದು ದಿನ ಕಳೆದು ಸಂಕ್ರಾಂತಿ ಬಂದಾಗ ಕೆಳಗಿನಿಂದ ತಿಳ್‌ಗೂಳ್ ಬರಲಿಲ್ಲ. ೧೯೯೮ರಲ್ಲಿ ನಾವು ಡೊಂಬಿವಲಿಯ ಈ ಸೊಸೈಟಿಗೆ ಬಂದಂದಿನಿಂದ ಅದು ತಪ್ಪಿದ್ದೇ ಇಲ್ಲ. ದೀಪಾವಳಿಯಲ್ಲಿ ಚಕ್ಕುಲಿ ತುಂಬಿ ಕಳಿಸಿದ್ದ ಅವರ ಸ್ಟೀಲ್ ಡಬ್ಬಿ ನಮ್ಮ ಅಡುಗೆಮನೆಯಲ್ಲೇ ಇತ್ತು. ಬರಿದೇ ಹಿಂತಿರುಗಿಸುವ ಪದ್ಧತಿ ಇಲ್ಲ, ತುಂಬಿ ಕೊಡಲು ಮುಖವಿಲ್ಲ. ಮಗಳೂ ಮಂಕಾದಳು. ಕಂಟ್ರೋಲರಿನ ಮೇಲೆ ಬಟ್ಟೆ ಮುಚ್ಚಿಟ್ಟಳು. ಅದು ನನಗೆ ಇನ್ನೂ ಬೇಸರ ತಂದಿತು.

ದಾದರಿನಲ್ಲಿ ಗಾಡಿ ಬದಲಿಸಿ, ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿದು, ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿದರೆ ಸ್ವಲ್ಪ ನಡೆಯುವಷ್ಟರಲ್ಲಿ ಲ್ಯಾಮಿಂಗ್ಟನ್ ರೋಡ್. ೧೯೦೩ರಿಂದ ೧೯೦೭ರವರೆಗೆ ಮುಂಬಯಿಯ ಗವರ್ನರ್ ಆಗಿದ್ದವನ ಹೆಸರು ಅದು. ಈಗಿನ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಆ ಹೆಸರು ಹೇಳಿದರೆ ಟ್ಯಾಕ್ಸಿಯವನು ಒಂದು ಗಳಿಗೆ ಯೋಚಿಸುತ್ತಾನೆ! ಎರಡೂ ಕಡೆ ಅಂಗಡಿಗಳು, ಅಂಗಡಿಯೊಳಗೆ ಅಂಗಡಿಗಳು. ಜೀರಿಗೆ ಮೆಂತ್ಯದ ಹಾಗೆ ಪುಟ್ಟ ಡಬ್ಬಿಗಳಲ್ಲಿ ಕಪಾಸಿಟರುಗಳು, ಹಗ್ಗದ ಹಾಗೆ ಸುರುಳಿ ಸುತ್ತಿದ ವೈರುಗಳು, ಬರಿದೇ ರಾಶಿ ಹಾಕಿದ ಸ್ಪೀಕರ್ ಕೋನುಗಳು. ಕೈಗಾಡಿಯವರು ಕೂಗುತ್ತಾ ದಾರಿ ಬಿಡಿಸಿಕೊಳ್ಳುತ್ತಾರೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಇದೇ ರಸ್ತೆಯಲ್ಲಿ ಮಿನರ್ವಾ ಟಾಕೀಸ್ ಇತ್ತು. ಈಗ ಇಲ್ಲ. ೧೯೭೫ರ ಆಗಸ್ಟ್ ೧೫ರಂದು ಬಿಡುಗಡೆಯಾದ 'ಶೋಲೆ' ಅಲ್ಲಿ ಐದು ವರ್ಷ ಓಡಿತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಸಿನೆಮಾ. ದೊಡ್ಡ ೭೦ ಎಂ.ಎಂ. ಪರದೆ, ಆರು ಟ್ರ್ಯಾಕಿನ ಸ್ಟೀರಿಯೋ ಧ್ವನಿ. ನಾಣ್ಯ ಚಿಮ್ಮುವ ದೃಶ್ಯದಲ್ಲಿ ಪಕ್ಕದವರು ಸೀಟಿನ ಕೆಳಗೆ ಬಗ್ಗಿ ನೋಡಿದ್ದರಂತೆ, ನಮ್ಮ ಮಾವ ಹೇಳಿ ನಗುತ್ತಿದ್ದರು. ಅಂಥ ಧ್ವನಿಗೆ ಅಂಥ ಹಾಲ್ ಇತ್ತು. ನಮ್ಮದು ಹತ್ತಕ್ಕೆ ಹನ್ನೊಂದು ಅಡಿಯ ಬೆಡ್‌ರೂಮು.

ಮೊದಲ ಅಂಗಡಿಯ ಹುಡುಗ ಡಿಜೆ ಎಂಬ ಶಬ್ದ ಕೇಳಿದ್ದೇ ತಡ, ಮತ್ತೊಂದು ಹದಿನೈದು ಇಂಚಿನದನ್ನೇ ಎಳೆದು ತಂದ. "ಸಾವಿರ ವ್ಯಾಟ್, ಆಂಟಿ!" ಎಂದ. ನನಗೆ ನಗು ಬಂತು. ೧೯೯೦ರ ದಶಕದಲ್ಲಿ ಟೂ-ಇನ್-ಒನ್‌ಗಳ ಮೇಲೆ ಪಿ.ಎಂ.ಪಿ.ಓ. ಎಂದು ಬರೆದು ಸಾವಿರಗಟ್ಟಲೆ ವ್ಯಾಟ್ ಅಂಟಿಸುತ್ತಿದ್ದರು. ಅದು ಕ್ಷಣಮಾತ್ರ ಬರಬಹುದಾದ ಅಬ್ಬರದ ಲೆಕ್ಕ. ನೀವು ಕೇಳಬೇಕಾದ್ದು ಆರ್.ಎಂ.ಎಸ್. ವ್ಯಾಟ್, ಅಂದರೆ ಪೆಟ್ಟಿಗೆ ನಿರಂತರವಾಗಿ ಕೊಡಬಲ್ಲ ಶಕ್ತಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಇದು ಆ ಹುಡುಗನಿಗೂ ಗೊತ್ತಿತ್ತು, ಕೇಳಿದ ಮೇಲೆ ಒಪ್ಪಿಕೊಂಡ.

ಎರಡನೆಯ ಅಂಗಡಿಯವನು ಬ್ಲೂಟೂತ್ ಸ್ಪೀಕರ್ ತೋರಿಸಿದ. ಮಗಳೇ ಬೇಡವೆಂದಳು. ವೈರಿಲ್ಲದೆ ಬರುವ ಧ್ವನಿ ಸ್ವಲ್ಪ ತಡವಾಗಿ ಬರುತ್ತದೆ. ಹಾಡು ಕೇಳುವವರಿಗೆ ಅದು ತಿಳಿಯುವುದೇ ಇಲ್ಲ. ಆದರೆ ನಿಮಿಷಕ್ಕೆ ೧೨೮ ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರ. ಸೆಕೆಂಡಿನ ಐದನೆಯ ಒಂದು ಭಾಗ ತಡವಾದರೂ ಹೆಡ್‌ಫೋನಿನ ತಾಳ ಒಂದು, ಕೋಣೆಯ ತಾಳ ಇನ್ನೊಂದು. ಲೆಕ್ಕ ಅವಳು ಹೇಳುತ್ತಾ ಹೋದಳು, ನಾನು ಕೇಳುತ್ತಾ ನಿಂತೆ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಅತ್ತ ಹುಡುಗಿ!

ಹೊಟ್ಟೆ ಹಸಿದಿತ್ತು. ಉಡುಪಿ ಹೋಟೆಲೊಂದರಲ್ಲಿ ಇಡ್ಲಿ ತಿಂದು ಚಹಾ ಕುಡಿದು, ಒಳಗಲ್ಲಿಯ ಮೂರನೆಯ ಅಂಗಡಿಗೆ ಹೋದೆವು. ಗಲ್ಲೆಯಲ್ಲಿ ಕೂತಿದ್ದ ಮುದುಕರು ಮಗಳು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರು. ಬಜೆಟ್ ಎಷ್ಟು ಎಂದು ಕೇಳಲಿಲ್ಲ. "ಕೋಣೆ ಎಷ್ಟು ದೊಡ್ಡದು? ಕೆಳಗೆ ಯಾರಿದ್ದಾರೆ?" ಎಂದು ಕೇಳಿದರು.

ನಾನು ಎಲ್ಲವನ್ನೂ ಹೇಳಿದೆ, ಆಜೋಬಾರ ಬೈಪಾಸ್ ಸಹಿತ. ಅವರು ಮಾಡಿದ ಪಾಠವನ್ನು ನಿಮಗೂ ಒಪ್ಪಿಸುತ್ತೇನೆ, ನಿಮ್ಮ ಮನೆಗಳೂ ನಮ್ಮ ಮನೆಯಂಥವೇ ತಾನೇ?

ದೂರದ ಮದುವೆಮನೆಯ ಹಾಡಿನ ಮಾತು ನಮಗೆ ಕೇಳಿಸುವುದಿಲ್ಲ, ಧಡ್ ಧಡ್ ಎಂಬುದು ಮಾತ್ರ ಕೇಳಿಸುತ್ತದೆ. ತಗ್ಗು ಸ್ವರವನ್ನು ಗೋಡೆ ತಡೆಯಲಾರದು. ನಲವತ್ತು ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಸುಮಾರು ೨೮ ಅಡಿ. ಹತ್ತಡಿ ಕೋಣೆಯಲ್ಲಿ ಅದು ಸರಿಯಾಗಿ ಕೇಳಿಸುವುದೂ ಇಲ್ಲ, ಒಂದು ಮೂಲೆಯಲ್ಲಿ ಗುಡುಗು, ಇನ್ನೊಂದು ಮೂಲೆಯಲ್ಲಿ ಏನೂ ಇಲ್ಲ. ಆದ್ದರಿಂದ ಸಬ್‌ವೂಫರ್ ಬೇಡವೇ ಬೇಡ. ಹತ್ತು, ಹನ್ನೆರಡು ಇಂಚಿನ ಪಿ.ಎ. ಪೆಟ್ಟಿಗೆಗಳು ಸಭಾಂಗಣಕ್ಕೆ, ಗಣಪತಿ ಪೆಂಡಾಲಿಗೆ ಸರಿ. ದೂರಕ್ಕೆ ಎಸೆಯಲೆಂದೇ ಮಾಡಿದ ಸ್ವರ, ಮೂರಡಿಯಲ್ಲಿ ಕೂತವರಿಗೆ ಕರ್ಕಶ. ಮನೆಗೆ ಬೇಕಾದ್ದು ಹತ್ತಿರ ಕೂತು ಕೇಳುವ ಸ್ಟುಡಿಯೋ ಮಾನಿಟರ್, ಐದು ಇಂಚಿನದು ಸಾಕು.

ಮಾನಿಟರ್ ಎಂಬ ಮಾತು ಕೇಳಿ ನನ್ನ ಹಳೆಯ ಬಿ.ಎ. ಇಂಗ್ಲಿಷ್ ಎಚ್ಚರವಾಯಿತು. ಎಚ್ಚರಿಸುವವನು ಎಂಬುದು ಆ ಲ್ಯಾಟಿನ್ ಶಬ್ದದ ಮೂಲಾರ್ಥ. ಶಾಲೆಯಲ್ಲಿ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನಲ್ಲಿ ಬರೆಯುತ್ತಿದ್ದ ಮಾನಿಟರನೂ ಅವನೇ. ಈ ಪೆಟ್ಟಿಗೆಯ ಸ್ವಭಾವವೂ ಹಾಗೆಯೇ, ತಪ್ಪನ್ನು ಮುಚ್ಚಿಡುವುದಿಲ್ಲ. ಬಿಳಿ ಕೋನಿನ ಯಮಾಹಾ, ಹಳದಿ ಕೋನಿನ ಕೆ.ಆರ್.ಕೆ., ಕಪ್ಪು ಜೆ.ಬಿ.ಎಲ್. ಮೂರನ್ನೂ ಸಾಲಾಗಿ ಇಟ್ಟು, ಮಗಳು ತನ್ನ ಫೋನಿನಿಂದ ವೈರ್ ಹಾಕಿ ಒಂದೇ ಹಾಡನ್ನು ಒಂದೇ ಸದ್ದಿನಲ್ಲಿ ಕೇಳಿದಳು. ಸದ್ದು ಸ್ವಲ್ಪ ಜಾಸ್ತಿ ಇದ್ದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆಂದು ಮುದುಕರು ಪ್ರತಿ ಸಲವೂ ಸಮ ಮಾಡಿಕೊಟ್ಟರು. ಹಳದಿಯದರಲ್ಲಿ ಕುಣಿಯುವ ಹುರುಪು ಇತ್ತು. ಬಿಳಿಯದರಲ್ಲಿ ತಗ್ಗು ಸ್ವರ ಕಡಿಮೆ, ಆದರೆ ತಬಲಾದ ಬೆರಳು ಬೆರಳೂ ಬಿಡಿಸಿ ಕೇಳಿಸಿತು. ಮಗಳು ಬಹಳ ಹೊತ್ತು ಹಳದಿಯ ಮುಂದೆ ನಿಂತಿದ್ದಳು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಬಿಳಿಯದನ್ನು ತೋರಿಸಿ, "ಇದು ಕೊಡಿ" ಎಂದಳು. ದುಡ್ಡು ಅರ್ಧ ಅವಳದು, ಅರ್ಧ ನನ್ನದು.

ಕೊಳ್ಳುವವರಿಗೆ ಇನ್ನು ನಾಲ್ಕು ಮಾತು. ಈ ಪೆಟ್ಟಿಗೆಗಳ ಒಳಗೇ ಆಂಪ್ಲಿಫೈಯರ್ ಇರುತ್ತದೆ, ನಾವು ಕೊಂಡದ್ದರಲ್ಲಿ ತಗ್ಗಿಗೆ ೪೫ ವ್ಯಾಟ್, ಏರಿಗೆ ೨೫. ಇವು ಬಿಡಿಬಿಡಿಯಾಗಿಯೂ ಮಾರಾಟವಾಗುತ್ತವೆ, ಆದ್ದರಿಂದ ಹೇಳಿದ ಬೆಲೆ ಒಂದಕ್ಕೋ ಜೋಡಿಗೋ ಕೇಳಿಕೊಳ್ಳಿ. ಸಣ್ಣ ಕಂಟ್ರೋಲರುಗಳ ಹಿಂದೆ ಕೆಂಪು-ಬಿಳಿ ಆರ್.ಸಿ.ಎ. ತೂತುಗಳು, ಮಾನಿಟರಿನ ಹಿಂದೆ ಬೇರೆಯೇ ತೂತು. ಎರಡಕ್ಕೂ ಹೊಂದುವ ಕೇಬಲ್ ಅಲ್ಲೇ ಕೊಳ್ಳದಿದ್ದರೆ ಮತ್ತೆ ದಾದರಿನಲ್ಲಿ ಗಾಡಿ ಬದಲಿಸಬೇಕು! ಹಾಕುವಾಗ ಸ್ಪೀಕರ್ ಎಲ್ಲಕ್ಕಿಂತ ಕೊನೆಗೆ, ಆರಿಸುವಾಗ ಎಲ್ಲಕ್ಕಿಂತ ಮೊದಲು. ಇಲ್ಲದಿದ್ದರೆ ಟಪ್ ಎಂದು ಹೊಡೆದುಕೊಳ್ಳುತ್ತದೆ. ಗುಂಯ್ ಎಂದು ಕೇಳಿಸಿದರೆ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಬುದ್ಧಿವಂತಿಕೆ ಮಾತ್ರ ಬೇಡ, ಅದು ಪ್ರಾಣಕ್ಕೆ ಸಂಬಂಧಿಸಿದ್ದು.

ಕಾನೂನನ್ನೂ ನೋಡಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ೫೫ ಡೆಸಿಬೆಲ್, ಆಮೇಲೆ ೪೫. ಅಂದು ಆಜಿ ಬಂದದ್ದು ಒಂಬತ್ತೂವರೆಗೆ, ಇನ್ನೂ ಹತ್ತಾಗಿಲ್ಲ ಎಂದು ವಾದಿಸಬಹುದಿತ್ತು. ವಾದಿಸಿದ್ದರೆ ಅವರ ಡಬ್ಬಿ ಈಗಲೂ ನಮ್ಮಲ್ಲೇ ಇರುತ್ತಿತ್ತು.

ಮರುದಿನ ನಾನು ಗೋಳಿಬಜೆ ಕರಿದು, ಆ ಡಬ್ಬಿ ತುಂಬಿ ಕೆಳಗೆ ಹೋದೆ. ಆಜಿ ಬಾಗಿಲು ತೆರೆದು ಡಬ್ಬಿಯನ್ನೇ ನೋಡಿದರು. "ಒಂದು ಉಪಕಾರ ಬೇಕು, ನಿಮ್ಮ ಕಿವಿ ಬೇಕು" ಎಂದೆ. ಆಜೋಬಾರ ಮಂಚದ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಮೇಲೆ ಮಗಳು ಹಾಡು ಹಾಕಿದಳು, ನಾನು ಫೋನಿನಲ್ಲಿ.

"ಅಮ್ಮ, ಈಗ?"

ಸಣ್ಣಗೆ ಧಡ್ ಧಡ್ ಬರುತ್ತಿತ್ತು. ಪೆಟ್ಟಿಗೆಗಳು ಗೋಡೆಗೆ ಒತ್ತಿಕೊಂಡು ಮೇಜಿನ ಮೇಲೆ ಕೂತಿದ್ದವು. ಅವಳು ಅವನ್ನು ಒಂದಡಿ ಮುಂದೆ ಎಳೆದಳು, ಕೆಳಗೆ ದಪ್ಪ ಫೋಮ್ ಇಟ್ಟಳು, ಹಿಂಬದಿಯ ರೂಮ್ ಕಂಟ್ರೋಲ್ ಗುಂಡಿಯಿಂದ ತಗ್ಗು ಸ್ವರವನ್ನು ನಾಲ್ಕು ಡೆಸಿಬೆಲ್ ಇಳಿಸಿದಳು. ಎರಡು ಪೆಟ್ಟಿಗೆ, ಅವಳ ತಲೆ, ಮೂರೂ ಸೇರಿ ಸಮತ್ರಿಕೋನ ಆಗಬೇಕು, ಮೇಲಿನ ಸಣ್ಣ ಸ್ಪೀಕರ್ ಕಿವಿಯ ಎತ್ತರಕ್ಕೆ ಬರಬೇಕು. ಹಾಗಿದ್ದರೆ ಕಡಿಮೆ ಸದ್ದಿನಲ್ಲೇ ಪೂರ್ತಿ ಕೇಳಿಸುತ್ತದೆ.

"ಈಗ?"

ಆಜಿ ಶೋಕೇಸಿನ ಗಾಜಿಗೆ ಬೆರಳು ಹಚ್ಚಿ ನೋಡಿದರು. ಅಂದು ರಾತ್ರಿ ಆ ಗಾಜು ನಡುಗಿತ್ತಂತೆ. ಈ ಸಲ ತಲೆ ಅಲ್ಲಾಡಿಸಿದರು, ಏನೂ ಇಲ್ಲ. ಆಜೋಬಾ ಕಣ್ಣು ಮುಚ್ಚಿಕೊಂಡೇ, "ಹಾಡು ಹಾಕಿದ್ದಾಳೋ ಇಲ್ಲವೋ?" ಎಂದರು.

ಹೆಚ್ಚೆಂದರೆ ಅಷ್ಟೇ ಎಂದು ಮಗಳು ಕಂಟ್ರೋಲರಿನ ಮಾಸ್ಟರ್ ಗುಂಡಿಯ ಪಕ್ಕ ನನ್ನ ಕೆಂಪು ನೈಲ್ ಪಾಲಿಷಿನಿಂದ ಒಂದು ಚುಕ್ಕೆ ಇಟ್ಟಳು. ಒಂಬತ್ತಾದರೆ ಹೆಡ್‌ಫೋನ್. ಮಾರ್ಚಿ ೨೫ಕ್ಕೆ ಧುಳವಡ್. ಹಿಂದಿನ ಸಂಜೆ ಹೋಳಿ ಸುಟ್ಟ ಮೇಲೆ ಆಜಿ ಅದೇ ಡಬ್ಬಿಯಲ್ಲಿ ಪುರಣಪೋಳಿ ತಂದರು. ಒಳಗೆ ಬಂದು ಕೂತು, ಮರಾಠಿ ಲಾವಣಿಯನ್ನೂ ಹೀಗೆ ಸೇರಿಸಲು ಬರುತ್ತದೆಯೇ ಎಂದು ಮಗಳನ್ನು ಕೇಳಿದರು. ಅವಳು ಈಗ ಅದರ ತಾಳ ಹುಡುಕುತ್ತಿದ್ದಾಳೆ. ಸುಲಭವಿಲ್ಲವಂತೆ.